ಬೇಲಿಯಿಲ್ಲದ ಊರಿನ ಹುಡುಗಿಗೆ ಯಾವ ಕಥೆ?

ಹದಿಮೂರರ ಕೈರಾಗೆ ಒಬ್ಬ ಅಪ್ಪ, ಮೂವರು ಅಮ್ಮಂದಿರು, ಇಪ್ಪತ್ತು ಮಂದಿ ಒಡಹುಟ್ಟಿದವರು. ಅವಳನ್ನು ಅಪ್ಪನ ಒಡಹುಟ್ಟಿದ ಅರವತ್ತರ ಮುದುಕನಿಗೆ ಮದುವೆ ಮಾಡಿಕೊಡಬೇಕೆಂದು ಪಂಥದ ಗುರು ಅಪ್ಪಣೆ ಕೊಡುತ್ತಾನೆ. ಬೇಲಿಯಾಚೆ ಬಂದು ನಿಲ್ಲುವ ಸಂಚಾರಿ ಗ್ರಂಥಾಲಯದ ವ್ಯಾನಿನಿಂದ ಗುಟ್ಟಾಗಿ ಪುಸ್ತಕ ತಂದು ಓದುವ ಈ ಹುಡುಗಿಯ ಕಥೆಯೇ ಕೆರೊಲ್ ಲಿಂಚ್ ವಿಲಿಯಮ್ಸ್ 2009ರಲ್ಲಿ ಪ್ರಕಟಿಸಿದ ‘ದ ಚೋಸನ್ ಒನ್’. ಅದರ ಹಿಂದಿನ ವರ್ಷವಷ್ಟೇ ಟೆಕ್ಸಾಸಿನಲ್ಲಿ ಬಹುಪತ್ನಿತ್ವದ ಮಾರ್ಮನ್ ಪಂಗಡವೊಂದರ ನೆಲೆಯ ಮೇಲೆ ಪೊಲೀಸರು ದಾಳಿ ಮಾಡಿದ್ದರು. ಅದರ ಗುರು ವಾರೆನ್ ಜೆಫ್ಸ್‌ಗೆ 2011ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಆ ಹೊತ್ತಿನಲ್ಲಿ ಹದಿಹರೆಯದವರಿಗಾಗಿ ಇಂಥ ಕಾದಂಬರಿಗಳು ಒಂದರ ಹಿಂದೊಂದು ಬಂದವು. ಹೆಚ್ಚಿನವುಗಳ ನಡೆ ಒಂದೇ: ಮುಚ್ಚಿದ ಊರು, ಕ್ರೂರಿ ಗುರು, ಬೇಲಿ, ಬೇಲಿ ದಾಟುವ ಹುಡುಗಿ. ನಮ್ಮ ಬೆಳಗಾವಿ ಜಿಲ್ಲೆಯ ಸವದತ್ತಿಯ ಸುತ್ತಲಿನ ಹುಡುಗಿಯರಿಗೂ ಹೀಗೊಂದು ಕಾದಂಬರಿ ಬೇಕು. ಆದರೆ ಈ ಅಚ್ಚಿನಲ್ಲಿ ಎರಕ ಹೊಯ್ದರೆ ಅದು ಸುಳ್ಳಾಗುತ್ತದೆ.

ಯಾಕೆಂದರೆ ಸವದತ್ತಿಯ ಯಲ್ಲಮ್ಮನ ಗುಡ್ಡದ ಸುತ್ತಲಿನ ಹಳ್ಳಿಗಳಲ್ಲಿ ಬೇಲಿಯೇ ಇಲ್ಲ. ಸಾಲಿ ಇದೆ, ಬಸ್ಸು ಇದೆ, ಸಂತೆ ಇದೆ. ಮುತ್ತು ಕಟ್ಟಿಸಿಕೊಂಡು ಯಲ್ಲಮ್ಮನ ದೇವದಾಸಿಯಾದ ಹುಡುಗಿಯನ್ನು ಯಾರೂ ಕೂಡಿಹಾಕುತ್ತಿರಲಿಲ್ಲ. ಅವಳು ತವರು ಬಿಟ್ಟು ಹೋಗುವಂತಿರಲಿಲ್ಲ, ಅಷ್ಟೇ. ಗಂಡುಮಗನಿಲ್ಲದ ಮನೆ, ವಾಸಿಯಾಗದ ಬೇನೆ, ಹೊತ್ತ ಹರಕೆ, ಒಂದು ಬೆಳಿಗ್ಗೆ ಬಾಚಣಿಗೆಗೆ ಬಗ್ಗದ ಕೂದಲು—ಮುತ್ತು ಕಟ್ಟಲು ಇವುಗಳಲ್ಲಿ ಯಾವುದೊಂದಾದರೂ ಸಾಕಿತ್ತು. ಎಣ್ಣೆ, ನೀರು ಕಾಣದ ತಲೆಯಲ್ಲಿ ಜಡೆ ಬಿದ್ದರೆ ಯಲ್ಲಮ್ಮ ಕರೆದಳು ಎಂದೇ ಅರ್ಥ. ಹೆಚ್ಚಿನವರು ದಲಿತ ಮನೆತನದ ಹೆಣ್ಣುಮಕ್ಕಳು. ಅವರನ್ನು ಇಟ್ಟುಕೊಳ್ಳುತ್ತಿದ್ದವನಿಗೆ ಬಹುತೇಕ ಬೇರೊಂದು ಓಣಿಯಲ್ಲಿ ತಾಳಿ ಕಟ್ಟಿದ ಹೆಂಡತಿ, ಮಕ್ಕಳು, ಹೊಲ, ಮರ್ಯಾದೆ ಎಲ್ಲವೂ ಇರುತ್ತಿದ್ದವು. ಅಂದರೆ ಬಹುಪತ್ನಿತ್ವವೇ, ಆದರೆ ಎರಡನೆಯ ಮನೆಯ ಹೊಣೆ ಮಾತ್ರ ಅವನದಲ್ಲ. ಆ ಮನೆ ನಡೆಯುತ್ತಿದ್ದುದು ಅವಳ ದುಡಿಮೆಯಿಂದ. ಈ ಭಾಗದಲ್ಲಿ ಇದ್ದು ಅಧ್ಯಯನ ಮಾಡಿ 2014ರಲ್ಲಿ ‘ಗಿವನ್ ಟು ದ ಗಾಡೆಸ್’ ಬರೆದ ಮಾನವಶಾಸ್ತ್ರಜ್ಞೆ ಲುಸಿಂಡಾ ರಾಂಬರ್ಗ್ ಗುರುತಿಸುವಂತೆ, ದೇವಿಗೆ ಕೊಟ್ಟ ಮಗಳು ಮನೆಯಲ್ಲಿ ಮಗನ ಸ್ಥಾನಕ್ಕೆ ಏರುತ್ತಾಳೆ. ಆಸ್ತಿಗೆ ವಾರಸುದಾರಳು ಅವಳೇ, ಮುಪ್ಪಿನಲ್ಲಿ ತಂದೆತಾಯಿಯನ್ನು ಸಾಕುವವಳೂ ಅವಳೇ. ಗಂಡನೆನ್ನುವ ಮನುಷ್ಯನೇ ಇಲ್ಲದಿರುವುದರಿಂದ ಅವಳು ಎಂದೂ ವಿಧವೆಯಾಗಳು.

ಕಾದಂಬರಿಕಾರರಿಗೆ ತೊಡಕಾಗಬೇಕಾದದ್ದು ಇಲ್ಲೇ. ಕೈರಾಳ ಕಥೆಯಲ್ಲಿ ಕೇಡಿಗ ಯಾರೆಂದು ಓದುಗರಿಗೆ ಮೊದಲ ಪುಟಗಳಲ್ಲೇ ಗೊತ್ತಾಗುತ್ತದೆ. ಇಲ್ಲಿ ಕೊರಳಿಗೆ ಕೆಂಪು ಬಿಳಿ ಮುತ್ತು ಬೀಳುವ ದಿನ ಹೊಸ ಸೀರೆ ಉಡಿಸಿ, ಹೋಳಿಗೆ ಮಾಡಿ, ದೃಷ್ಟಿ ತೆಗೆಯುವವಳು ಹೆತ್ತವ್ವ. ಅವಳ ಕೊರಳಲ್ಲೂ ಅದೇ ಮುತ್ತು ಇರಬಹುದು. 1982ರ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ಬೇರೆಯವರಿಗೆ ಮೂರು ವರ್ಷದವರೆಗಿನ ಸಜೆ ಹೇಳಿದರೆ, ತಂದೆತಾಯಿ, ಪೋಷಕರು, ಬಂಧುಗಳಿಗೆ ಎರಡರಿಂದ ಐದು ವರ್ಷ ಹೇಳಿತು. ಕಾನೂನಿನ ಕಣ್ಣಿಗೆ ಅದು ನ್ಯಾಯವೇ. ಆದರೆ ಹನ್ನೆರಡರ ಹುಡುಗಿಗೆ ಅದು ಕೇಳಿಸುವುದು ಬೇರೆ ಥರ: ಬಾಯಿ ಬಿಟ್ಟರೆ ಅವ್ವ ಜೇಲಿಗೆ ಹೋಗುತ್ತಾಳೆ. ಬೇಲಿ ಹಾರುವುದಕ್ಕಿಂತ ಇದು ಕಷ್ಟದ ಪರೀಕ್ಷೆ, ಒಳ್ಳೆಯ ಕಾದಂಬರಿ ಹುಟ್ಟುವ ಜಾಗವೂ ಇದೇ.

ಕನ್ನಡದಲ್ಲಿ ಇಂಥದ್ದು ಬಂದಿಲ್ಲವೇ ಎಂದರೆ, ಹತ್ತಿರದ್ದೆಂದರೆ ಎಂ.ಕೆ. ಇಂದಿರಾ ಅವರ ‘ಗೆಜ್ಜೆ ಪೂಜೆ’. ಪುಟ್ಟಣ್ಣ ಕಣಗಾಲ್ 1969ರಲ್ಲಿ ತೆರೆಗೆ ತಂದ ಅದರ ಚಂದ್ರಾ ಕನ್ನಡಿಗರು ಮರೆಯದ ಹುಡುಗಿ. ಓದು, ಮದುವೆ, ಮರ್ಯಾದೆಯ ಬಾಳು ಬಯಸಿದ ಅವಳಿಗೆ ಸಿನಿಮಾ ಕೊಟ್ಟದ್ದು ಸಾವು. ದೊಡ್ಡವರ ಕಣ್ಣೀರಿಗೆ ಆ ಕೊನೆ ಸರಿ. ಅದೇ ಮನೆಯಲ್ಲಿ ಬೆಳೆಯುತ್ತಿರುವ ಹದಿನಾಲ್ಕರ ಓದುಗಳಿಗೆ ಅದು ಏನು ಹೇಳಿದ ಹಾಗಾಯಿತು? ಗಡಿಯಾಚೆಯ ಮರಾಠಿ ಇನ್ನಷ್ಟು ಹತ್ತಿರ ಬಂದಿದೆ. ರಾಜನ್ ಗವಸರ ‘ಚೌಂಡಕ’ (1985), ‘ಭಂಡಾರಭೋಗ’ (1988) ಇದೇ ದೇವಿಗೆ ಬಿಟ್ಟವರ ಕಾದಂಬರಿಗಳು. ಅವುಗಳನ್ನು ಆಧರಿಸಿದ 2009ರ ‘ಜೋಗವಾ’ ಚಿತ್ರದಲ್ಲಿ ಜಡೆ ಬಿದ್ದ ತಪ್ಪಿಗೆ ದೇವಿಗೆ ಹೋಗುವವಳು ಸುಲಿ ಎಂಬ ಹುಡುಗಿ. ಮರಾಠಿ ಲೇಖಕರು ಹೊಕ್ಕ ಈ ಲೋಕದ ಮೂಲ ಗುಡಿ ಇರುವುದು ನಮ್ಮ ನೆಲದಲ್ಲಿ! ಇಂಗ್ಲಿಷಿನಲ್ಲಿ ವಿಲಿಯಂ ಡಾಲ್ರಿಂಪಲ್ ಕೂಡ ‘ನೈನ್ ಲೈವ್ಸ್’ನಲ್ಲಿ ಒಂದು ಅಧ್ಯಾಯವನ್ನು ಇದಕ್ಕೆ ಕೊಟ್ಟರು. ಇವೆಲ್ಲ ದೊಡ್ಡವರು ದೊಡ್ಡವರಿಗೆ ಬರೆದವು.

ಮಕ್ಕಳ ಕೈಗೆ ಇಂಥ ವಿಷಯ ಕೊಡುವುದೇ ಎಂಬ ಆಕ್ಷೇಪ ಮೊದಲು ಬರುತ್ತದೆ. ಮುತ್ತು ಕಟ್ಟುತ್ತಿದ್ದುದು ಯಾವ ವಯಸ್ಸಿಗೆ ಎಂದು ಕೇಳಿದರೆ ಅದಕ್ಕೆ ಉತ್ತರ ಸಿಗುತ್ತದೆ. ಮುತ್ತು ಕಟ್ಟಿಸಿಕೊಳ್ಳಲು ವಯಸ್ಸಾಗಿತ್ತು, ಅದರ ಬಗ್ಗೆ ಓದಲು ಮಾತ್ರ ಆಗಿಲ್ಲ ಎನ್ನುವುದು ವಿಚಿತ್ರ ವಾದ. ಭಕ್ತಿಗೆ ಅಪಚಾರವಾದೀತು ಎಂಬ ಆತಂಕ ಇದಕ್ಕಿಂತ ತೂಕದ್ದು. ಭಾರತ ಹುಣ್ಣಿಮೆಗೆ ಉಧೋ ಉಧೋ ಎನ್ನುತ್ತ ಗುಡ್ಡ ಹತ್ತುವ ಲಕ್ಷಗಟ್ಟಲೆ ಜನರಲ್ಲಿ ಹೆಚ್ಚಿನವರಿಗೂ ಮುತ್ತು ಕಟ್ಟುವುದಕ್ಕೂ ಸಂಬಂಧವಿಲ್ಲ. ಅಮೆರಿಕದ ಕಾದಂಬರಿಗಳು ಸೋಲುವುದೂ ಇಲ್ಲಿಯೇ: ಹೊರಬರುವ ಹುಡುಗಿಗೆ ನಂಬಿಕೆಯ ಜೊತೆ ಬದುಕಲು ಅವು ಹೆಚ್ಚು ಜಾಗ ಬಿಡುವುದಿಲ್ಲ. ಇಲ್ಲಿನ ಹುಡುಗಿ ಮುತ್ತು ಬೇಡ ಎಂದೂ ಯಲ್ಲಮ್ಮನಿಗೆ ಕೈ ಮುಗಿಯಬಹುದು. ಯಲ್ಲಮ್ಮನೆಂದೇ ಪೂಜೆಗೊಳ್ಳುವ, ಗಂಡನ ಮಾತಿಗೆ ಮಗನ ಕೈಯಲ್ಲೇ ತಲೆ ಕಳೆದುಕೊಂಡ ರೇಣುಕೆ ಅವಳಿಗೆ ಪರಕೀಯಳೇನಲ್ಲ.

ಇನ್ನು ಪದ್ಧತಿ ಮುಗಿದುಹೋದದ್ದು, ಕೆದಕುವುದೇಕೆ ಎನ್ನುವವರು. ಮುಂಬಯಿ ಪ್ರಾಂತ್ಯದಲ್ಲಿದ್ದ ಈ ಜಿಲ್ಲೆಗೆ 1934ರಲ್ಲೇ ಒಂದು ಕಾಯ್ದೆ ಬಂದಿತ್ತು. ಆಗಲೂ ಮುಗಿಯಿತೆಂದೇ ಅಂದುಕೊಂಡಿರಬೇಕು. ರಾಜ್ಯ ಸರ್ಕಾರದ 1993–94 ಮತ್ತು 2007–08ರ ಸಮೀಕ್ಷೆಗಳು ಗುರುತಿಸಿದ ಮಾಜಿ ದೇವದಾಸಿಯರು 46,660 ಮಂದಿ. ಹೊಸದಾಗಿ ಮುತ್ತು ಕಟ್ಟುವುದು ಗುಡ್ಡದ ಮೇಲೆ ಬಹಿರಂಗವಾಗಿ ನಡೆಯದೆ ಇರಬಹುದು, ಆದರೆ ಇವರ ಮಕ್ಕಳು, ಮೊಮ್ಮಕ್ಕಳು ಇಂದು ತರಗತಿಗಳಲ್ಲಿ ಕೂತಿದ್ದಾರೆ. ಅರ್ಜಿಯಲ್ಲಿ ತಂದೆಯ ಹೆಸರಿನ ಕಾಲಮ್ಮು ಅವರಿಗೆ ಹಳೆಯ ಕಥೆಯಲ್ಲ. ಅದಕ್ಕೇ 2025ರಲ್ಲಿ ವಿಧಾನಸಭೆ ಒಪ್ಪಿದ ಹೊಸ ಮಸೂದೆ ಇಂಥ ಮಕ್ಕಳಿಗೆ ಆ ಹೆಸರಿನ ಕಡ್ಡಾಯದಿಂದ ಬಿಡುಗಡೆಯನ್ನೂ, ತಂದೆ ಯಾರೆಂದು ಸ್ಥಾಪಿಸಿಕೊಳ್ಳುವ ಹಕ್ಕನ್ನೂ ಕೊಡಹೊರಟಿತು. ಹಕ್ಕು ಬಳಸಬೇಕಾದ ಹುಡುಗಿಯ ಮುಂದಿರುವುದು ಮಾತ್ರ ಕಾಗದವಲ್ಲ. ಅವಳು ಹೆಸರಿಸಬೇಕಾದ ಮನುಷ್ಯನ ಇನ್ನೊಂದು ಮನೆ ಅದೇ ಊರಲ್ಲಿದೆ. ಆ ಮನೆಯ ಮಗಳು ಅದೇ ಹೈಸ್ಕೂಲಿನಲ್ಲಿ, ಅದೇ ಬೆಂಚಿನಲ್ಲಿ ಕೂರುವ ಗೆಳತಿಯೂ ಆಗಿರಬಹುದು. ಇಬ್ಬರಿಗೂ ಅಪ್ಪ ಒಬ್ಬನೇ ಎನ್ನುವುದು ಊರಿಗೆಲ್ಲ ಗೊತ್ತು. ಸವದತ್ತಿಯ ಕಾದಂಬರಿ ಶುರುವಾಗಬೇಕಾದದ್ದು ಈ ಬೆಂಚಿನಿಂದ ಎಂದು ನನ್ನ ಎಣಿಕೆ. ಅದನ್ನು ಮೊದಲು ಬರೆಯುವವಳು ಈ ಇಬ್ಬರಲ್ಲಿ ಯಾರು ಎನ್ನುವುದರ ಮೇಲೆ ಅದರ ಗತಿಯೇ ಬೇರೆಯಾದೀತು.