ತಾರ್ಲೆಯ ಹೊಟ್ಟೆಯಲ್ಲಿ ಉತ್ತರ ಧ್ರುವದ ಹೆಸರು

ಸಾರ್ಡೀನ್ ಮೀನಿಗೆ ದಕ್ಷಿಣ ಗೋವಾದ ಕುಂಕಳ್ಳಿಯಲ್ಲಿ ತಾರ್ಲೆ ಎನ್ನುತ್ತಾರೆ. ಮಂಗಳೂರಿನವರಿಗೆ ಅದು ಬೂತಾಯಿ, ಕೇರಳದವರಿಗೆ ಮತ್ತಿ. ಕುಂಕಳ್ಳಿಯಿಂದ ಪಶ್ಚಿಮಕ್ಕೆ ಹೋದರೆ ಸಾಲ್ ನದಿ ಅಸೋಳ್ಣೆಯನ್ನು ದಾಟಿ ಬೇತುಲ್ ಅಳಿವೆಯಲ್ಲಿ ಕಡಲು ಸೇರುತ್ತದೆ. ಮೀನುಗಾರಿಕೆ ಬೋಟುಗಳು ತಂಗುವುದೂ ಅಲ್ಲೇ. ಮಳೆಗಾಲದ ನಿಷೇಧ ಮುಗಿದು ಬೋಟು ಇಳಿದ ಮೇಲೆ ಸಿಕ್ಕ ತಾರ್ಲೆಯ ಹೊಟ್ಟೆ ಸೀಳಿ ನೋಡಿದರೆ, ಕಂದು ಹಸಿರಿನ ಅಂಟು ಮುದ್ದೆ ಕಾಣುತ್ತದೆ. ಅದರಲ್ಲಿ ಬಹುಪಾಲು ಡಯಾಟಮ್‌ಗಳು.

ಡಯಾಟಮ್ ಎಂದರೆ ಒಂದೇ ಜೀವಕೋಶದ ಪಾಚಿ. ಅದರ ಹೊರಕವಚ ಸಿಲಿಕಾದ್ದು, ಅಂದರೆ ಗಾಜಿನ ಮೂಲವಸ್ತುವಿನದ್ದು. ಕವಚ ಮುಚ್ಚಳವಿರುವ ಡಬ್ಬಿಯಂತೆ ಎರಡು ಭಾಗಗಳಲ್ಲಿರುತ್ತದೆ. ಕೋಶ ಒಡೆದು ಎರಡಾದಾಗ ಒಂದು ಮರಿ ಮುಚ್ಚಳವನ್ನೂ ಇನ್ನೊಂದು ತಳವನ್ನೂ ಪಡೆಯುತ್ತದೆ, ಎರಡೂ ಒಳಗೆ ಕೂರುವ ಹೊಸ ಭಾಗವನ್ನು ಕಟ್ಟಿಕೊಳ್ಳುತ್ತವೆ. ಹೀಗಾಗಿ ತಳ ಸಿಕ್ಕ ಮರಿ ಗಾತ್ರದಲ್ಲಿ ಚಿಕ್ಕದು, ಅದರ ಮರಿ ಇನ್ನೂ ಚಿಕ್ಕದು. ಕೊನೆಗೆ, ಸಾಮಾನ್ಯವಾಗಿ ಲೈಂಗಿಕ ಸಂತಾನೋತ್ಪತ್ತಿ ನಡೆದಾಗ, ಮೂಲ ಅಳತೆ ಮರಳುತ್ತದೆ. ಉದ್ದ ಅಳೆದು ಪ್ರಭೇದ ಹೇಳುವವರು ಮೋಸಹೋಗುವುದು ಇಲ್ಲಿಯೇ.

ಪಶ್ಚಿಮ ಕರಾವಳಿಯಲ್ಲಿ ನೈಋತ್ಯ ಮಾರುತದ ತಿಂಗಳುಗಳಲ್ಲಿ ಆಳದ ತಣ್ಣನೆಯ ನೀರು ಮೇಲೇಳುತ್ತದೆ. ನೈಟ್ರೇಟ್, ಫಾಸ್ಫೇಟ್ ಅದರೊಡನೆ ಬರುತ್ತವೆ. ಘಟ್ಟದ ಕಲ್ಲು ತೊಳೆದು ಬಂದ ಹೊಳೆಗಳು ಸಿಲಿಕಾವನ್ನು ಸೇರಿಸುತ್ತವೆ. ಡಯಾಟಮ್‌ಗಳಿಗೆ ಇದಕ್ಕಿಂತ ದೊಡ್ಡ ಸುಗ್ಗಿ ಬೇಡ. ಕಿವಿರಿನಲ್ಲಿ ಸೂಕ್ಷ್ಮ ಜಾಲರಿಯಿರುವ ತಾರ್ಲೆ ಅವನ್ನು ಸೋಸಿ ನುಂಗುತ್ತದೆ. ಮದ್ರಾಸ್ ಮೀನುಗಾರಿಕಾ ಇಲಾಖೆಯ ಜೇಮ್ಸ್ ಹಾರ್ನೆಲ್ ಮತ್ತು ರಾಮಸ್ವಾಮಿ ನಾಯುಡು 1920ರ ದಶಕದಲ್ಲೇ ಮಲಬಾರಿನ ತಾರ್ಲೆಯ ಜೀವನಕ್ರಮವನ್ನೂ ಅಲ್ಲಿನ ಪ್ಲವಕಗಳನ್ನೂ ಕುರಿತು ಬರೆದಿದ್ದರು. 1955ರಲ್ಲಿ ಆರ್.ವಿ. ನಾಯರ್ ಮತ್ತು ಆರ್. ಸುಬ್ರಹ್ಮಣ್ಯನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಫ್ರಾಜಿಲೇರಿಯಾ ಓಶಿಯಾನಿಕಾ ಎಂಬ, ಪಟ್ಟಿಯಂತೆ ಜೋಡಿಕೊಂಡು ತೇಲುವ ಡಯಾಟಮ್ ಹೇರಳವಾದರೆ ತಾರ್ಲೆಯೂ ಹೇರಳ ಎಂದರು. ಪ್ರಕಟವಾದದ್ದು ಕಡಲಿಲ್ಲದ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ. ಇದೇ ಸುಬ್ರಹ್ಮಣ್ಯನ್ 1946ರಲ್ಲಿ ಮದ್ರಾಸ್ ಕರಾವಳಿಯ ಡಯಾಟಮ್‌ಗಳ ವರ್ಗೀಕರಣವನ್ನು ಪ್ರಕಟಿಸಿದ್ದೂ ಬೆಂಗಳೂರಿನಿಂದಲೇ, ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ.

ತೊಡಕು ಇರುವುದು ಹೆಸರಿನಲ್ಲಿ. ಫ್ರಾಜಿಲೇರಿಯಾ ಓಶಿಯಾನಿಕಾ ಎಂದು ಹೆಸರಿಟ್ಟವರು ಸ್ವೀಡನ್ನಿನ ಪೆರ್ ಥಿಯೊಡೋರ್ ಕ್ಲೀವ್, 1873ರಲ್ಲಿ. ಅವರ ಮುಂದಿದ್ದದ್ದು ಆರ್ಕ್ಟಿಕ್ ಸಮುದ್ರದ ಡಯಾಟಮ್‌ಗಳು! ಇಂದಿನ ತಜ್ಞರು ಆ ಪ್ರಭೇದವನ್ನು ಉತ್ತರದ ಶೀತಜಲದ ನಿವಾಸಿ ಎಂದೇ ಎಣಿಸುತ್ತಾರೆ. ಹಿಮದ ನೆರೆಯಲ್ಲಿ ಬಾಳುವ ಜೀವಿ ಮಲಬಾರಿನ ಬೆಚ್ಚನೆಯ ಕಡಲಿನಲ್ಲಿ ತಾರ್ಲೆಗೆ ಊಟವಾಗುವುದು ಹೇಗೆ? ಸಂಶಯಕ್ಕೆ ಇಷ್ಟು ಸಾಕು.

1955ರ ಸಂಶೋಧಕರನ್ನು ಹಳಿಯುವಂತಿಲ್ಲ. ಸಾಮಾನ್ಯ ಸೂಕ್ಷ್ಮದರ್ಶಕ ಮೈಕ್ರೋಮೀಟರಿನ ಐದನೇ ಒಂದು ಭಾಗಕ್ಕಿಂತ ಹತ್ತಿರದ ಎರಡು ಚುಕ್ಕೆಗಳನ್ನು ಬೇರೆಬೇರೆಯಾಗಿ ತೋರಿಸಲಾರದು. ಪಟ್ಟಿಯಾಗಿ ತೇಲುವ ಡಯಾಟಮ್ ಮಗ್ಗುಲಾಗಿಯೇ ಕಾಣಿಸುತ್ತದೆ, ಗುರುತು ಹಿಡಿಯುವ ಕೆತ್ತನೆಯೆಲ್ಲ ಇರುವುದು ಮುಖದ ಮೇಲೆ. ಅದನ್ನು ನೋಡಲು ಆಮ್ಲದಲ್ಲೋ ಹೈಡ್ರೋಜನ್ ಪೆರಾಕ್ಸೈಡಿನಲ್ಲೋ ಕುದಿಸಿ ಜೀವದ್ರವ್ಯವನ್ನೆಲ್ಲ ಸುಡಬೇಕು. ಉಳಿದ ಬರಿಯ ಕವಚವನ್ನು ಮತ್ತೆ ಮತ್ತೆ ತೊಳೆದು, ನೀರಿಗಿಂತ ಬೆಳಕನ್ನು ಹೆಚ್ಚು ಬಾಗಿಸುವ ರಾಳದಲ್ಲಿ ಕೂರಿಸಬೇಕು. ಆಮೇಲೆ ಹತ್ತು ಮೈಕ್ರೋಮೀಟರಿನೊಳಗೆ ಎಷ್ಟು ಗೀರುಗಳಿವೆ ಎಂದು ಎಣಿಕೆ. ಕೋಶ ಕುಗ್ಗಿದರೂ ಈ ಎಣಿಕೆ ಅಷ್ಟಾಗಿ ಬದಲಾಗದು, ಆದ್ದರಿಂದ ಉದ್ದಕ್ಕಿಂತ ಇದಕ್ಕೇ ಬೆಲೆ.

ನಾರ್ವೆಯ ಗ್ರೇತೆ ಹಾಸ್ಲೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನೂ ಹಿಡಿದು ಈ ಗುಂಪನ್ನು ಕೆದಕಿದರು. ಫ್ರಾಜಿಲೇರಿಯಾ ಕುಲದ ಕವಚದಲ್ಲಿ ಉದ್ದನೆಯ ಸೀಳು ಇರುವುದಿಲ್ಲ. ಕ್ಲೀವ್ ಹೆಸರಿಟ್ಟ ಡಯಾಟಮ್‌ನಲ್ಲೋ ಅಂಚಿಗೆ ಅಂಟಿಕೊಂಡಂತೆ ಸೀಳೊಂದು ಓಡುತ್ತದೆ. 1965ರಲ್ಲಿ ಅವರು ಅದನ್ನು ಫ್ರಾಜಿಲೇರಿಯೋಪ್ಸಿಸ್ ಕುಲಕ್ಕೆ ಕಳಿಸಿದರು. 1972ರಲ್ಲಿ ಇಡೀ ಕುಲವನ್ನೇ ನಿಟ್ಷಿಯಾದೊಳಗೆ ಸೇರಿಸಿ ಈ ಡಯಾಟಮನ್ನು ನಿಟ್ಷಿಯಾ ಗ್ರುನೋವಿಯೈ ಎಂದರು. 1990ರ ದಶಕದಲ್ಲಿ ಮತ್ತೆ ಫ್ರಾಜಿಲೇರಿಯೋಪ್ಸಿಸ್. ಇದೇ ಕುಲದಲ್ಲಿ ಡೋಲಿಯೋಲಸ್ ಎಂಬ ಬೆಚ್ಚನೆಯ ನೀರಿನ ಸೋದರಿಯೂ ಇದೆ. ಒಂದು ಮಗ್ಗುಲು ಉಬ್ಬಿದ ಅದರ ಕವಚವನ್ನು 1860ರಲ್ಲಿ ವರ್ಣಿಸಿದವರು ಕಲ್ಕತ್ತಾದಲ್ಲಿ ಹುಟ್ಟಿದ ಸೇನಾ ವೈದ್ಯ ಜಾರ್ಜ್ ವಾಲಿಚ್. ಅವರಿಗೂ ಡಯಾಟಮ್ ಸಿಕ್ಕಿದ್ದು ಹೊಟ್ಟೆಯೊಳಗೇ, ಸಾಲ್ಪ್ ಎಂಬ ಪಾರದರ್ಶಕ ಕಡಲಜೀವಿಯದು.

ಹಳೆಯ ಹೆಸರನ್ನು ಕೆದಕಿದರೆ ಏನಾಗಬಹುದು ಎಂಬುದಕ್ಕೆ ಸ್ಕೆಲೆಟೋನೆಮಾ ಕೋಸ್ಟೇಟಮ್ ಎಂಬ ಇನ್ನೊಂದು ಡಯಾಟಮ್ ಸಾಕ್ಷಿ. ಗೋವಾದ ಮಾಂಡವಿ, ಜುವಾರಿಗಳಿಂದ ಹಿಡಿದು ಲೋಕದ ಬಹುತೇಕ ಕರಾವಳಿಗಳ ಪ್ರಭೇದಪಟ್ಟಿಯಲ್ಲಿ ಈ ಹೆಸರು ತಪ್ಪುತ್ತಿರಲಿಲ್ಲ. ಇಟಲಿಯ ನೇಪಲ್ಸ್‌ನ ಅಡ್ರಿಯಾನಾ ಜಿಂಗೋನೆ, ಡಯಾನಾ ಸಾರ್ನೋ ಮತ್ತು ಸಂಗಡಿಗರು 2005ರಲ್ಲಿ ಅದನ್ನು ಬಿಡಿಸಿ ನೋಡಿದಾಗ ಒಂದೇ ಹೆಸರಿನಡಿ ಹಲವು ಪ್ರಭೇದಗಳಿದ್ದವು. ರಾಬರ್ಟ್ ಗ್ರೆವಿಲ್ 1866ರಲ್ಲಿ ವರ್ಣಿಸಿದ ಹಾಂಗ್‌ಕಾಂಗಿನ ಮೂಲ ಮಾದರಿಯಲ್ಲೇ ಎರಡು ಬೆರೆತಿದ್ದವು. ನೂರಮೂವತ್ತಕ್ಕೂ ಹೆಚ್ಚು ವರ್ಷ ಹಳೆಯ ಮಾದರಿ ಮತ್ತೆ ಸಾಕ್ಷಿ ನುಡಿದದ್ದು ಕವಚ ಸಿಲಿಕಾದ್ದಾದ್ದರಿಂದ. ಹೊಸದಾಗಿ ಬೇರ್ಪಟ್ಟ ಪ್ರಭೇದಗಳಲ್ಲಿ ಒಂದಕ್ಕೆ ಗ್ರೇತೆ ಎಂದು ಹಾಸ್ಲೆಯವರ ಹೆಸರನ್ನೇ ಇಟ್ಟರು.

ತಾರ್ಲೆಯ ಡಯಾಟಮ್‌ಗೂ ಇಂಥದ್ದೇ ತನಿಖೆ ಬೇಕು. ಫಾರ್ಮಾಲಿನ್‌ನಲ್ಲಿಟ್ಟ ಹಳೆಯ ಮಾದರಿಯಲ್ಲಿ ಕವಚ ಸಿಕ್ಕೀತು, ಆದರೆ ಡಿಎನ್‌ಎ ಕೆಟ್ಟಿರುತ್ತದೆ. ಹಾಗಾಗಿ ಮಳೆಗಾಲದ ಕಡಲಿನಿಂದ ಜೀವಂತ ಡಯಾಟಮ್ ಪಟ್ಟಿಯೊಂದನ್ನು ಸಣ್ಣ ನಳಿಕೆಯಲ್ಲಿ ಹೀರಿ, ಅದರ ಸಂತತಿಯನ್ನಷ್ಟೇ ಬೆಳೆಸಿ, ಅರ್ಧವನ್ನು ಆಮ್ಲಕ್ಕೆ, ಇನ್ನರ್ಧವನ್ನು ಪ್ರಭೇದ ಗುರುತಿಸಲು ನೆರವಾಗುವ ಆರ್‌ಬಿಸಿಎಲ್ ಜೀನ್ ಓದುವುದಕ್ಕೆ ಕೊಡಬೇಕು. ಅದಕ್ಕಾಗಿ ದೂರ ಹೋಗಬೇಕಿಲ್ಲ, 1966ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಗೋವಾದಲ್ಲೇ, ದೋನಾ ಪಾವ್ಲಾದಲ್ಲಿದೆ. ಕೆಲಸದ ಫಲ ಪಟ್ಟಿಯಲ್ಲಿ ಹೆಸರು ತಿದ್ದುವುದಷ್ಟೇ ಅಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕ ತಾರ್ಲೆ 2021ರಲ್ಲಿ ಮೂರೂವರೆ ಸಾವಿರ ಟನ್ನಿಗೂ ಕೆಳಗಿಳಿಯಿತು. ಡಯಾಟಮ್ ನೋಡಿ ಮೀನಿನ ಮುನ್ಸೂಚನೆ ಹೇಳುವುದಾದರೆ ಅದು ಎಷ್ಟು ಬಿಸಿ ತಾಳುತ್ತದೆ ಎಂಬುದು ತಿಳಿದಿರಬೇಕು. ಆರ್ಕ್ಟಿಕ್ ಪ್ರಭೇದದ ಮೇಲೆ ನಡೆದ ಪ್ರಯೋಗದ ಅಂಕಿಗಳು ಬೇತುಲ್ ಅಳಿವೆಯಾಚೆಯ ನೀರಿಗೆ ಹೊಂದಬೇಕೆಂದಿಲ್ಲ.