ಪಾಸ್ಟರಮ್ಮ ಎಂಬ ಹೆಸರು

ಮನ್ನಳ್ಳಿ ಕಡೆಯಿಂದ ಬೀದರಕ್ಕೆ ಬಂದು ಹೋಗುವವರಿಗೆ ಮಂಗಲಪೇಟೆಯ ಮೆಥೋಡಿಸ್ಟ್ ಚರ್ಚು ಗೊತ್ತು. ಈ ಸೀಮೆಯ ಪ್ರೊಟೆಸ್ಟೆಂಟರಲ್ಲಿ ಲೂಥರನ್ನರಿಗಿಂತ ಮೆಥೋಡಿಸ್ಟರೇ ಹೆಚ್ಚು. ‘ಪಾಸ್ಟರಮ್ಮ’ ಅಂದರೆ ಪಾಸ್ಟರರ ಹೆಂಡತಿ ಎಂದೇ ನಮ್ಮ ರೂಢಿ. ಹೆಂಗಸು ತಾನೇ ಪಾಸ್ಟರಾಗಿ ಪ್ರಭುಭೋಜನದ ರೊಟ್ಟಿ ಮುರಿಯಬಹುದು ಎಂಬ ಅರ್ಥ ಆ ಹೆಸರಿಗೆ ಬರಲು ಬಹಳ ಕಾಲ ಹಿಡಿಯಿತು.

ಕೆಲಸ ಮಾತ್ರ ಎಂದೋ ಶುರುವಾಗಿತ್ತು. 1869ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಕೆಲವು ಮೆಥೋಡಿಸ್ಟ್ ಹೆಂಗಸರು ತಮ್ಮದೇ ಮಿಷನ್ ಸಂಘ ಕಟ್ಟಿ, ಹಣವನ್ನೂ ತಾವೇ ಕೂಡಿಸಿದರು. ಮರುವರ್ಷ ಅವರು ಕಳಿಸಿದ ಇಸಬೆಲ್ಲಾ ಥೋಬರ್ನ್ ಲಖನೌದಲ್ಲಿ ಹುಡುಗಿಯರ ಶಾಲೆ ತೆರೆದರು. ವೈದ್ಯೆ ಕ್ಲಾರಾ ಸ್ವೇನ್ ಬರೇಲಿಗೆ ಹೋದರು. ಗಂಡಸು ಮಿಷನರಿ ಹೆಂಗಸರ ಒಳಮನೆಯಾದ ಜನಾನಾದ ಹೊಸ್ತಿಲು ದಾಟುವಂತಿರಲಿಲ್ಲ. ದಾಟಿದವರು ಇಂಥ ಹೆಂಗಸರು, ಅವರ ಜೊತೆಗೆ ‘ಬೈಬಲ್ ಸ್ತ್ರೀ’ಯರು: ಅಕ್ಷರ ಕಲಿತ ನಮ್ಮ ದೇಶದ ಹೆಣ್ಣುಮಕ್ಕಳು. ಮನೆಮನೆಗೆ ನಡೆದು ಓದಿ ಹೇಳಿದರು, ಹಾಡು ಕಲಿಸಿದರು, ಬಾಣಂತಿಯ ಪಕ್ಕ ಕೂತರು. ಪಾಸ್ಟರರ ಕೆಲಸ ಇದಲ್ಲದೆ ಇನ್ನೇನು? ಆದರೂ ಅವರಿಗೆ ಪೀಠವಿರಲಿಲ್ಲ. ನನಗೆ ಈ ಕತೆಯಲ್ಲಿ ಎಲ್ಲರಿಗಿಂತ ದೊಡ್ಡವರು ಅವರೇ.

1924ರಲ್ಲಿ ಅಮೆರಿಕದ ಮೆಥೋಡಿಸ್ಟ್ ಸಭೆ ಹೆಂಗಸರಿಗೆ ಅರ್ಧ ಬಾಗಿಲು ತೆರೆಯಿತು: ದೀಕ್ಷೆ ಉಂಟು, ಪಾಸ್ಟರರ ಕಾನ್ಫರೆನ್ಸಿನಲ್ಲಿ ಸದಸ್ಯತ್ವ ಇಲ್ಲ. ಪೂರ್ತಿ ಹಕ್ಕು ಸಿಕ್ಕಿದ್ದು 1956ರ ಮೇ ತಿಂಗಳಲ್ಲಿ. ಭಾರತದ ಮೆಥೋಡಿಸ್ಟರು ಆಗಿನ್ನೂ ಅದೇ ಸಭೆಯ ಅಂಗ. ಸ್ವತಂತ್ರ ಸಭೆಯಾದದ್ದು 1981ರಲ್ಲಿ. ಲೂಥರನ್ ಸಭೆಗಳ ಪೈಕಿ ಡೆನ್ಮಾರ್ಕ್ 1948ರಲ್ಲೇ ಹೆಂಗಸರಿಗೆ ದೀಕ್ಷೆ ಕೊಟ್ಟಿತ್ತು. ಜಗತ್ತಿನ ಮೊದಲ ಲೂಥರನ್ ಮಹಿಳಾ ಬಿಷಪ್ ಮಾರಿಯಾ ಯೆಪ್ಸೆನ್ ಹ್ಯಾಂಬರ್ಗಿನಲ್ಲಿ ಆಯ್ಕೆಯಾಗಲು 1992 ಬರಬೇಕಾಯಿತು. ಆಂಧ್ರದ ನಂದ್ಯಾಲದಲ್ಲಿ 2013ರಲ್ಲಿ ಇ. ಪುಷ್ಪಲಲಿತಾ ದಕ್ಷಿಣ ಭಾರತ ಸಭೆಯ ಮೊದಲ ಮಹಿಳಾ ಬಿಷಪ್ ಆದರು.

ಬೀದರಿನ ಕ್ರೈಸ್ತರಲ್ಲಿ ಬಹಳಷ್ಟು ಮನೆಗಳು ದಲಿತ ಮೂಲದವು. ಹಾಗಾಗಿ ಇಲ್ಲಿನ ಹೆಣ್ಣುಮಗಳಿಗೆ ಪೀಠ ಒಂದೇ ಪ್ರಶ್ನೆಯಲ್ಲ. 1950ರ ರಾಷ್ಟ್ರಪತಿ ಆದೇಶದಲ್ಲಿ ಪರಿಶಿಷ್ಟ ಜಾತಿಯ ಸ್ಥಾನ ಬಹುಮಟ್ಟಿಗೆ ಹಿಂದೂಗಳಿಗಷ್ಟೇ ಇತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಸಿಕ್ಕಿತು. ಕ್ರೈಸ್ತರಿಗೆ ಇಲ್ಲ. ಭಾನುವಾರ ಸಭೆಯನ್ನೇ ನಡೆಸುವ ಹೆಂಗಸು ತನ್ನೂರಿನ ಪಂಚಾಯಿತಿಯಲ್ಲಿ ಪರಿಶಿಷ್ಟ ಜಾತಿ ಮಹಿಳೆಗೆ ಮೀಸಲಾದ ಸೀಟಿಗೆ ನಿಲ್ಲುವಂತಿಲ್ಲ.