ಪ್ರೊಫೆಸರ್‌ಗಿಂತ ಮೊದಲು ನವಲಗುಂದವಿತ್ತು

ಕರ್ನಾಟಕದಲ್ಲಿ ರೈತ ಚಳವಳಿ ಎಂದೊಡನೆ ನಾಲಿಗೆಗೆ ಬರುವ ಹೆಸರು ಪ್ರೊ. ಎಂ.ಡಿ. ನಂಜುಂಡಸ್ವಾಮಿ. ಆದರೆ ಪ್ರತಿ ವರ್ಷ ಜುಲೈ 21ರಂದು ಹಸಿರು ಶಾಲು ಹೊದ್ದವರು ಬಣಬಣವಾಗಿ ಬಂದು ಮಾಲೆ ಹಾಕುವ ಧಾರವಾಡ ಜಿಲ್ಲೆಯ ನವಲಗುಂದದ ವೀರಗಲ್ಲು ನೆನೆಯುವುದು ಬಸಪ್ಪ ಲಕ್ಕುಂಡಿ ಎಂಬ ರೈತನನ್ನು. 1980ರ ಆ ದಿನ ಬಸಪ್ಪ ಪೊಲೀಸರ ಗುಂಡಿಗೆ ಬಿದ್ದಾಗ ಕರ್ನಾಟಕ ರಾಜ್ಯ ರೈತ ಸಂಘ ಇನ್ನೂ ಹುಟ್ಟಿರಲಿಲ್ಲ. ಸಂಸ್ಥಾಪಕನೊಬ್ಬನ ಕೀರ್ತಿ ಹೇಗೆ ಕಟ್ಟಿಕೊಳ್ಳುತ್ತದೆ, ಕಾಲ ಸರಿದಂತೆ ಹೇಗೆ ಮರುತೂಕಕ್ಕೆ ಬರುತ್ತದೆ ಎಂದು ತಿಳಿಯಲು ಈ ಸಂಗತಿಯಿಂದಲೇ ಹೊರಡಬೇಕು.

ನೀರಿಗಿಂತ ಮೊದಲು ಬಂದ ಕರ

ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಎದ್ದಾಗ ನವಲಗುಂದ, ನರಗುಂದದ ಎರೆಭೂಮಿಯ ರೈತರು ದೊಡ್ಡ ಆಸೆ ಇಟ್ಟುಕೊಂಡಿದ್ದರು. ಮಳೆ ನಂಬಿ ಜೋಳ, ಕಡಲೆ, ಹತ್ತಿ ಬೆಳೆಯುತ್ತಿದ್ದ ಸೀಮೆಯದು. ಕಾಲುವೆ ತೋಡಿದರೂ ಕೊನೆಯ ಭಾಗದ ಹೊಲಗಳಿಗೆ ನೀರು ಸರಿಯಾಗಿ ಮುಟ್ಟಲಿಲ್ಲ. ನೀರು ನಿಂತ ಕಡೆ ಭೂಮಿ ಸವಳು-ಜವಳಾಯಿತು. ನೀರಾವರಿಯ ಭರವಸೆಯ ಮೇಲೆ ಸಾಲ ಮಾಡಿ ಹತ್ತಿ ಬಿತ್ತಿದವರಿಗೆ ಬೆಲೆ ಕುಸಿತದ ಪೆಟ್ಟು ಬಿತ್ತು. ಅದೇ ಹೊತ್ತಿಗೆ ಸರ್ಕಾರ, ನೀರಾವರಿಯಿಂದ ಭೂಮಿಯ ಬೆಲೆ ಏರಿದೆ ಎಂಬ ಲೆಕ್ಕದಲ್ಲಿ ಅಭಿವೃದ್ಧಿ ಕರದ ವಸೂಲಿಗೆ ಇಳಿಯಿತು. ಹೊಲಕ್ಕೆ ನೀರೇ ಬಾರದಿರುವಾಗ ಯಾವ ಅಭಿವೃದ್ಧಿಗೆ ಕರ ಕಟ್ಟುವುದು ಎಂಬುದು ರೈತರ ನೇರ ಪ್ರಶ್ನೆಯಾಗಿತ್ತು.

ಆ ಪ್ರಶ್ನೆಯನ್ನು ಹೊತ್ತು ನಡೆದದ್ದು ಮಲಪ್ರಭಾ ನೀರಾವರಿ ಪ್ರದೇಶದ ರೈತರ ಸಮನ್ವಯ ಸಮಿತಿ. ಹೊಲ ಉಳುವವರೇ ಸೇರಿ, ಹಳ್ಳಿ ಹಳ್ಳಿ ಸುತ್ತಿ ಕಟ್ಟಿದ ಸಮಿತಿ. ಜುಲೈ 21ರ ಪ್ರತಿಭಟನೆ ಗೋಲಿಬಾರಿನಲ್ಲಿ ಮುಗಿಯಿತು. ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ ಪ್ರಾಣ ಬಿಟ್ಟರು. ಇಂದು ಗದಗ ಜಿಲ್ಲೆಗೆ ಸೇರಿರುವ ನರಗುಂದ ಆಗ ಧಾರವಾಡ ಜಿಲ್ಲೆಯಲ್ಲೇ ಇತ್ತು. ಅಲ್ಲಿ ಸಿಟ್ಟಿಗೆದ್ದ ಜನರ ಕೈಯಲ್ಲಿ ಪೊಲೀಸರೂ ಸತ್ತರು. ಹುತಾತ್ಮ ದಿನದ ಭಾಷಣಗಳಲ್ಲಿ ಆ ಪೊಲೀಸರ ಮನೆಗಳ ದುಃಖಕ್ಕೆ ಜಾಗ ಸಿಗುವುದು ಅಪರೂಪ. ಚರಿತ್ರೆ ಬರೆಯುವಾಗಲಾದರೂ ಅದನ್ನು ಬಿಡಬಾರದು.

ಗುಂಡಿನ ಸದ್ದು ರಾಜ್ಯದ ತುಂಬ ಕೇಳಿತು. 1981ರ ಆರಂಭದಲ್ಲಿ ವಿರೋಧ ಪಕ್ಷಗಳು ನರಗುಂದದಿಂದ ಬೆಂಗಳೂರಿಗೆ ಕಾಲ್ನಡಿಗೆ ಜಾಥಾ ಹೊರಡಿಸಿದವು. ಆರ್. ಗುಂಡೂರಾವ್ ಸರ್ಕಾರ ಕರದ ವಿಷಯದಲ್ಲಿ ಹಿಂದೆ ಸರಿಯಬೇಕಾಯಿತು. 1983ರ ಚುನಾವಣೆಯಲ್ಲಿ ಕಾಂಗ್ರೆಸ್ ಸೋತು, ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು.

ಹಲವರು ಕಟ್ಟಿದ ಮನೆ, ಒಬ್ಬರ ಹೆಸರು

ರಾಜ್ಯ ರೈತ ಸಂಘ ರೂಪುಗೊಂಡದ್ದು ಅದೇ 1980ರಲ್ಲಿ, ಶಿವಮೊಗ್ಗದ ಕಬ್ಬು ಬೆಳೆಗಾರರ ಸಂಘಟನೆಯ ಬಲದ ಮೇಲೆ. ಮೊದಲ ಅಧ್ಯಕ್ಷರು ಎಚ್.ಎಸ್. ರುದ್ರಪ್ಪ. ಜೊತೆಗೆ ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ ಮತ್ತು ಕಾನೂನು ಪ್ರಾಧ್ಯಾಪಕರಾಗಿದ್ದ ನಂಜುಂಡಸ್ವಾಮಿ. ಲೋಹಿಯಾ ಸಮಾಜವಾದದಲ್ಲಿ ಪಳಗಿದ ಪ್ರೊಫೆಸರ್ ರೈತರ ಸಿಟ್ಟಿಗೆ ವಾದದ ಬೆನ್ನೆಲುಬು ಕೊಟ್ಟರು. ರೈತ ಸಾಲಗಾರನಲ್ಲ, ಬೆಳೆಗೆ ನ್ಯಾಯದ ಬೆಲೆ ಕೊಡದ ಸರ್ಕಾರವೇ ಅವನಿಗೆ ಬಾಕಿದಾರ ಎಂಬ ಮಾತನ್ನು ಲೆಕ್ಕ ಸಮೇತ ಮಂಡಿಸಿದರು. ಅನುಮತಿ ಇಲ್ಲದೆ ಸಾಲ ವಸೂಲಿಯ ಅಧಿಕಾರಿಗಳು ಒಳಗೆ ಬರಬಾರದು ಎಂಬ ಫಲಕಗಳು ಊರ ಬಾಗಿಲಲ್ಲಿ ನಿಂತವು. ಆಫೀಸಿನ ಮೆಟ್ಟಿಲ ಮೇಲೆ ಕೈಕಟ್ಟಿ ನಿಲ್ಲುತ್ತಿದ್ದ ರೈತ ಹೆಗಲ ಮೇಲೆ ಹಸಿರು ಶಾಲು ಹಾಕಿಕೊಂಡು ಎದುರು ಕುರ್ಚಿಯಲ್ಲಿ ಕೂತು ಮಾತಾಡತೊಡಗಿದ. ಈ ಬದಲಾವಣೆ ದೊಡ್ಡದು, ಅದರಲ್ಲಿ ಪ್ರೊಫೆಸರ್ ಪಾಲೂ ದೊಡ್ಡದು.

ಧಾರವಾಡ ಸೀಮೆ ಆ ಋಣ ತೀರಿಸಿತು. 1989ರಲ್ಲಿ ರೈತ ಸಂಘದ ಬಾಬಾಗೌಡ ಪಾಟೀಲರು ಕಿತ್ತೂರು ಮತ್ತು ಧಾರವಾಡ ಗ್ರಾಮೀಣ ಎರಡೂ ಕ್ಷೇತ್ರಗಳಲ್ಲಿ ಗೆದ್ದು, ಧಾರವಾಡ ಗ್ರಾಮೀಣವನ್ನು ಬಿಟ್ಟುಕೊಟ್ಟರು. ಅಲ್ಲಿನ ಉಪಚುನಾವಣೆಯಲ್ಲಿ ಗೆದ್ದು ನಂಜುಂಡಸ್ವಾಮಿ ವಿಧಾನಸಭೆ ಪ್ರವೇಶಿಸಿದರು. ಮುಂದೆ ಇಬ್ಬರ ದಾರಿ ಬೇರೆಯಾಯಿತು. ಬಾಬಾಗೌಡರು ಬಿಜೆಪಿ ಸೇರಿ ಕೇಂದ್ರ ಸಚಿವರಾದರು. ಸಂಘ ಒಡೆದಷ್ಟೂ ಸ್ಥಾಪಕರ ಸಾಲಿನಲ್ಲಿ ಉಳಿದವರ ಹೆಸರು ಮಸುಕಾಗಿ ಒಬ್ಬರದೇ ಎದ್ದು ಕಾಣತೊಡಗಿತು.

ಬೆಂಕಿಯ ಚಿತ್ರ, ಬೀಜದ ಮಾತು

1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ಸಂಘದ ರೈತರು ನುಗ್ಗಿ ಕಡತ ಸುಟ್ಟರು. 1996ರಲ್ಲಿ ಕೆಂಟಕಿ ಚಿಕನ್ ಮಳಿಗೆಯ ಮೇಲೆ ದಾಳಿಯಾಯಿತು. 1998ರಲ್ಲಿ ಮಾನ್ಸಾಂಟೊ ಕಂಪನಿಯ ಕುಲಾಂತರಿ ಹತ್ತಿಯ ಪ್ರಯೋಗ ತಾಕುಗಳಿಗೆ ಬೆಂಕಿ ಬಿತ್ತು. ನಗರದ ಓದುಗರ ಮನಸ್ಸಿನಲ್ಲಿ ಪ್ರೊಫೆಸರ್ ಎಂದರೆ ಗಾಜು ಒಡೆಸುವ, ತಂತ್ರಜ್ಞಾನಕ್ಕೆ ಅಡ್ಡ ನಿಲ್ಲುವ ಮನುಷ್ಯ ಎಂಬ ಚಿತ್ರ ಕೂತದ್ದು ಆಗ. ಜಾಗತಿಕ ವ್ಯಾಪಾರ ಒಪ್ಪಂದದ ಕರಡಾದ ಡಂಕೆಲ್ ಪ್ರಸ್ತಾವವನ್ನು ಇವರು ವಿರೋಧಿಸಿದರೆ, ಮಹಾರಾಷ್ಟ್ರದ ಶೇತಕರಿ ಸಂಘಟನೆಯ ಶರದ್ ಜೋಶಿ ಮುಕ್ತ ಮಾರುಕಟ್ಟೆಯೇ ರೈತನಿಗೆ ದಾರಿ ಎಂದರು. ಬಹಳ ಜನ ಜೋಶಿಯವರನ್ನು ಆಧುನಿಕರೆಂದೂ ಇವರನ್ನು ಹಿಂದೆ ನೋಡುವವರೆಂದೂ ಬಗೆದರು.

2004ರ ಫೆಬ್ರುವರಿ 3ರಂದು ಪ್ರೊಫೆಸರ್ ತೀರಿಕೊಂಡ ಮೇಲೆ ಈ ಚಿತ್ರ ನಿಧಾನವಾಗಿ ಬದಲಾಯಿತು. ಕಾರಣ ಹೊಲದಲ್ಲೇ ಇದೆ. ನವಲಗುಂದದ ನೆರೆಯ ಅಣ್ಣಿಗೇರಿಯ ಹೆಸರನ್ನೇ ಹೊತ್ತ ಅಣ್ಣಿಗೇರಿ-1 ಕಡಲೆ ತಳಿಯನ್ನು ತೆಗೆದುಕೊಳ್ಳಿ. ಸರ್ಕಾರಿ ಸಂಶೋಧನೆಯಿಂದ ಬಂದ ತಳಿ ಅದು. ರಾಶಿ ಮಾಡಿದಾಗ ದಪ್ಪ ಕಾಳು ಆರಿಸಿ, ಚೆನ್ನಾಗಿ ಒಣಗಿಸಿ ಹುಳ ಬೀಳದಂತೆ ಕಾಪಿಟ್ಟರೆ ಮುಂದಿನ ಹಿಂಗಾರಿಗೆ ಅದೇ ಬೀಜ, ಅದೇ ಗುಣ. ಆದರೆ ಕುಲಾಂತರಿಯಾದ ಬಿ.ಟಿ. ಹತ್ತಿ ನಮ್ಮಲ್ಲಿಗೆ ಬಂದದ್ದು ಹೈಬ್ರಿಡ್ ರೂಪದಲ್ಲಿ. ಅದರ ಬೀಜ ತೆಗೆದಿಟ್ಟು ಬಿತ್ತಿದರೆ ಗಿಡ ಒಂದೊಂದು ಒಂದೊಂದು ಥರ, ಇಳುವರಿ ಕೈಕೊಡುತ್ತದೆ. ಹೀಗಾಗಿ ಪ್ರತಿ ಮುಂಗಾರಿಗೆ ಅಂಗಡಿಯ ಮುಂದೆ ನಿಲ್ಲಲೇಬೇಕು. ಬೀಜ ಯಾರ ಕೈಯಲ್ಲಿರುತ್ತದೋ ಬೇಸಾಯದ ಲಗಾಮೂ ಅವರ ಕೈಯಲ್ಲಿ ಎಂಬ ಪ್ರೊಫೆಸರ್ ವಾದ ಕುಂದಗೋಳ, ಕಲಘಟಗಿಯ ಹತ್ತಿ ರೈತನಿಗೆ ಅನುಭವದ ಮಾತಾಯಿತು. ಬೀಜ ಉಳಿಸುವ, ಹಂಚುವ ರೈತನ ಹಕ್ಕನ್ನು 2001ರ ಸಸ್ಯ ತಳಿ ಕಾಯ್ದೆ ಒಪ್ಪಿಕೊಂಡಿದೆ. ಕುಲಾಂತರಿ ಬದನೆಗೆ 2010ರಲ್ಲಿ ಕೇಂದ್ರವೇ ತಡೆ ಹಾಕಿತು.

ಹಾಗೆಂದು ಅವರನ್ನು ದ್ರಷ್ಟಾರರೆಂದು ಹೊಗಳಿ ಮುಗಿಸುವುದೂ ಅನ್ಯಾಯ. ಅವರು ಬೇಡವೆಂದ ಹತ್ತಿಯನ್ನು 2002ರ ನಂತರ ರೈತರೇ ಮುಗಿಬಿದ್ದು ಬಿತ್ತಿದರು. ಕಾಯಿಕೊರಕದ ಕಾಟದಿಂದ ಬೇಸತ್ತವರಿಗೆ ಅದು ಬೇಕಾಗಿತ್ತು. ರೈತರೆಲ್ಲ ಒಂದೇ ಎಂದ ಚಳವಳಿಯಲ್ಲಿ ಹೊಲವಿಲ್ಲದ ಕೂಲಿಯವರ, ದಲಿತರ ಪ್ರಶ್ನೆ ಹಿಂದೆ ಬಿತ್ತು. ನಾಯಕನ ಸುತ್ತಲೇ ಕಟ್ಟಿದ ಸಂಘ ನಾಯಕರ ನಡುವಿನ ಜಗಳಕ್ಕೆ ಒಡೆಯಿತು. ಇಷ್ಟನ್ನೂ ತಕ್ಕಡಿಗೆ ಹಾಕಿದ ಮೇಲೂ ಅವರ ತೂಕ ಕಡಿಮೆಯಾಗುವುದಿಲ್ಲ ಎಂಬುದು ನನ್ನ ನಂಬಿಕೆ.

ನವಲಗುಂದ ಮಾತ್ರ ಯಾವ ಸಂಸ್ಥಾಪಕನಿಗೂ ಕಾದು ಕೂರಲಿಲ್ಲ. 2015ರಲ್ಲಿ ಮಹದಾಯಿ ನದಿಯ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂದು ಮತ್ತೆ ಧರಣಿ ಕೂತಿತು. ಮರುವರ್ಷ ಮಹದಾಯಿ ನ್ಯಾಯಮಂಡಳಿಯ ಮಧ್ಯಂತರ ತೀರ್ಪು ವಿರುದ್ಧ ಬಂದಾಗ ತಾಲ್ಲೂಕಿನ ಯಮನೂರು ಹಳ್ಳಿಯವರು ಪೊಲೀಸರ ಲಾಠಿ ಏಟು ತಿಂದರು. ಜನ ಎದ್ದ ಮೇಲೆ ನಾಯಕ ಹುಟ್ಟುತ್ತಾನೆ, ನಾಯಕ ಹೋದ ಮೇಲೂ ಜನ ಏಳುತ್ತಾರೆ. ಆದ್ದರಿಂದ ನಂಜುಂಡಸ್ವಾಮಿಯವರ ಚರಿತ್ರೆಯ ಮೊದಲ ಅಧ್ಯಾಯ ಮಲಪ್ರಭೆಯ ಕಾಲುವೆ ದಂಡೆಯಿಂದ ಶುರುವಾಗಬೇಕು. ಅಂದು ಸಮನ್ವಯ ಸಮಿತಿಯಲ್ಲಿ ಓಡಾಡಿದ ಹರೆಯದವರಿಗೆ ಈಗ ಎಪ್ಪತ್ತರ ಆಸುಪಾಸು. ನಮ್ಮ ವಿಶ್ವವಿದ್ಯಾಲಯಗಳು, ರೈತ ಸಂಘಟನೆಗಳು ಈ ವರ್ಷವೇ ಅವರ ಮನೆಗಳಿಗೆ ಹೋಗಿ, ಅವರ ಮಾತನ್ನು ಅವರ ಹೆಸರಿನಲ್ಲೇ ದಾಖಲಿಸಬೇಕು.